ಪೆಗ್ಗಿ ಹೆಸರಿನ ಸೀಟು

ಇಂಗ್ಲೆಂಡಿನ ಕೀತ್ಲಿ ಊರಿನಲ್ಲಿ ಅಗ್ಗದ ವಿಮಾನದ ಟಿಕೆಟ್ ಹುಡುಕುವುದರಲ್ಲಿ ನೋರೀನ್ ಹಾರ್ಗ್ರೀವ್ಸ್ ಎತ್ತಿದ ಕೈ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಅವಳದು. ಶಾಲೆಗೆ ರಜೆ ಬಿಟ್ಟರೆ ಮಾತ್ರ ಅವಳಿಗೂ ರಜೆ. ರಜೆ ಬಂತೆಂದರೆ ವಿಮಾನದವರು ದರವನ್ನು ಏರಿಸಿ, ಹಗಲು ದರೋಡೆಗೆ ಕೂತುಬಿಡುತ್ತಾರೆ. ಆ ದರೋಡೆಯ ಸಂದಿಗೊಂದಿಗಳಲ್ಲಿ ಕಣ್ಣು ಹಾಯಿಸಿ, ಯಾರಿಗೂ ಕಾಣದ ಸೀಟನ್ನು ಹೆಕ್ಕಿ ತೆಗೆಯುವುದು ಅವಳ ವಿದ್ಯೆ.

ಬೀದಿಯ ಜನರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. "ನೋರೀನ್, ನಮ್ಮಿಬ್ರಿಗೂ ಎಲ್ಲಾದ್ರೂ ಒಂದು ನೋಡಮ್ಮ, ಬಿಸಿಲಿರ್ಬೇಕು, ಬಿಯರ್ ಅಗ್ಗ ಇರ್ಬೇಕು" ಎನ್ನುತ್ತಿದ್ದ ಪಕ್ಕದ ಮನೆಯ ಮುದುಕ ಸೆಡ್ರಿಕ್. ಅವಳು ಚಹಾ ಕಾಸಿಕೊಟ್ಟು ಉಪದೇಶಕ್ಕೆ ಕೂರುತ್ತಿದ್ದಳು. ಶನಿವಾರ ಹೋಗಬೇಡಿ. ಹೋಗುವಾಗ ಲೀಡ್ಸಿನಿಂದ ಹೋಗಿ, ಬರುವಾಗ ಮ್ಯಾಂಚೆಸ್ಟರಿನಲ್ಲಿ ಇಳಿಯಿರಿ. ಪೆಟ್ಟಿಗೆ ಬೇಡ, ಅದಕ್ಕೆ ಬೇರೆ ದುಡ್ಡು, ಇರೋ ಸ್ವೆಟರನ್ನೆಲ್ಲ ಮೈಮೇಲೇ ಹಾಕಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಬೇಕು, ಒಂದಕ್ಷರ ತಪ್ಪಿದರೂ ದಂಡ.

ಹೋದವರು ಬರುವಾಗ ಅವಳಿಗೊಂದು ಆಯಸ್ಕಾಂತದ ಬಿಲ್ಲೆ ತರುತ್ತಿದ್ದರು. ಅವಳ ಫ್ರಿಜ್ಜಿನ ಬಾಗಿಲ ಮೇಲೆ ಲಿಸ್ಬನ್ನಿನ ಟ್ರಾಮ್ ಇತ್ತು, ಪ್ರಾಗಿನ ಗಡಿಯಾರ ಇತ್ತು, ವೆನಿಸ್ಸಿನ ದೋಣಿ ಎರಡೆರಡಿದ್ದವು. ಒಂದೂ ಅವಳು ಕೊಂಡದ್ದಲ್ಲ. ಆ ಊರುಗಳಲ್ಲಿ ಒಂದನ್ನೂ ಅವಳು ಕಂಡವಳಲ್ಲ.

ಗಂಡ ಎಂದೋ ಬ್ಲ್ಯಾಕ್‌ಪೂಲಿನಲ್ಲಿ ಬೇರೆ ಸಂಸಾರ ಹೂಡಿಕೊಂಡಿದ್ದ. ಮಕ್ಕಳಿರಲಿಲ್ಲ. ಒಬ್ಬಳೇ ಹೋಗಲು ಅವಳಿಗೇನೂ ವಿಮಾನದ ಹೆದರಿಕೆಯಿರಲಿಲ್ಲ. ಹೆದರಿಕೆ ಊಟದ ಮೇಜಿನದು. ಇಬ್ಬರಿಗೆಂದು ಇಟ್ಟ ಮೇಜಿಗೆ ಹೋಗಿ ಕೂತರೆ, ಮಾಣಿ ಬಂದು ಎದುರಿನ ಲೋಟವನ್ನೂ ಚಮಚವನ್ನೂ ಎತ್ತಿಕೊಂಡು ಹೋಗುತ್ತಾನಲ್ಲ, ಅದನ್ನು ನೆನೆದರೇ ಅವಳ ಜೀವ ಹಿಡಿಯಾಗುತ್ತಿತ್ತು.

ಹೀಗಿರುವಾಗ ಪೆಗ್ಗಿ ಆ ಮಾತು ಆಡಿದಳು. ಪೆಗ್ಗಿ ಅಡುಗೆಮನೆಯ ಜೊತೆಗಾತಿ, ಬಾಯಿಬಡುಕಿ, ಮಕ್ಕಳು ಮೊಮ್ಮಕ್ಕಳ ದಂಡೇ ಇದ್ದವಳು. ಆಲೂಗಡ್ಡೆ ಹಿಸುಕುತ್ತಾ ಸುಮ್ಮನೆ ಹೇಳಿದಳು: "ಊರಿಗೆಲ್ಲ ಹುಡುಕ್ತೀಯ, ನಮ್ಗೊಂದು ಹುಡುಕೇ ಮಾರಾಯ್ತಿ. ನಾನೂ ನೀನೂ ಹೋಗ್ಬರೋಣ. ಈ ಮೊಮ್ಮಕ್ಕಳ ಗಲಾಟೆ ಕೇಳಿ ಕೇಳಿ ಕಿವಿ ತೂತಾಗಿದೆ."

"ನಿಜವಾಗ್ಲೂ ಬರ್ತೀಯಾ?"

"ಬರ್ದೇ ಏನು? ನೀನು ಬುಕ್ ಮಾಡು, ನಾನು ರೆಡಿ."

ಇಂಥ ಮಾತನ್ನು ಜನ ದಿನಕ್ಕೆ ಹತ್ತು ಸಲ ಆಡುತ್ತಾರೆ. ನೋರೀನ್ ಮಾತ್ರ ಅದನ್ನು ಮನೆಗೆ ಎತ್ತಿಕೊಂಡು ಹೋದಳು. ಅಕ್ಟೋಬರಿನ ರಜೆಗೆ, ಲ್ಯಾಟ್ವಿಯಾದ ರೀಗಾ ಎಂಬ ಊರಿಗೆ, ಒಂದು ತಟ್ಟೆ ಮೀನು ಚಿಪ್ಸಿನ ಬೆಲೆಗೆ ಪಕ್ಕಪಕ್ಕದ ಎರಡು ಸೀಟು ಸಿಕ್ಕವು. ಅವಳ ಜೀವಮಾನದ ಬೇಟೆ ಅದು. ಖುಷಿಯಲ್ಲಿ ಇಬ್ಬರ ಹೆಸರನ್ನೂ ಸರಸರನೆ ತುಂಬಿದಳು. ಎರಡು ಸೀಟಿನ ದುಡ್ಡನ್ನೂ ತಾನೇ ಕಟ್ಟಿದಳು.

ಅಂದಿನಿಂದ ಅವಳು ಬೇರೆಯೇ ಹೆಂಗಸಾದಳು. ಅಲ್ಲಿನ ಕಪ್ಪು ಬ್ರೆಡ್ಡಿನ ಸುದ್ದಿ, ನದಿಯ ಸುದ್ದಿ, ಪೆಗ್ಗಿಯ ಕಿವಿಗೆ ಅದೇ ಹರಿಕಥೆ. ಹೊರಡುವ ವಾರ ಬಂತು. ಚೆಕ್-ಇನ್ ಮಾಡಬೇಕೆಂದು ಪೆಗ್ಗಿಯ ಪಾಸ್‌ಪೋರ್ಟ್ ಕೇಳಿ ತರಿಸಿಕೊಂಡು ತೆರೆದ ನೋರೀನ್ ಹೆಸರಿನ ಸಾಲನ್ನು ಎರಡೆರಡು ಸಲ ಓದಿದಳು. ಒಳಗೆ ಇದ್ದ ಹೆಸರು ಮಾರ್ಗರೆಟ್ ಆ್ಯನ್ ಸಗ್ಡನ್. ಮಾರ್ಗರೆಟ್ ಎಂದವರನ್ನೆಲ್ಲ ಪೆಗ್ಗಿ ಎನ್ನುವುದು ಆ ಕಡೆಯ ಹಿರಿಯರು ಮಾಡಿಟ್ಟ ತರಲೆ. ಊರಿಗೆಲ್ಲ ಎಚ್ಚರ ಹೇಳುವವಳು ತಾನು ಮಾತ್ರ, ಖುಷಿಯಲ್ಲಿ ಮೈಮರೆತು, ಟಿಕೆಟ್ಟಿನ ಮೇಲೆ ಪೆಗ್ಗಿ ಎಂದೇ ಬರೆದುಬಿಟ್ಟಿದ್ದಳು.

"ಹೆಸರು ಬದಲಾಯಿಸ್ಬೋದು ಕಣೇ," ಎಂದಳು. "ಟಿಕೆಟ್ಟಿಗಿಂತ ಜಾಸ್ತಿ ಕೇಳ್ತಾರೆ. ಆದ್ರೆ ನನ್ ತಪ್ಪು, ನಾನೇ ಕೊಡ್ತೀನಿ."

"ಥೂ, ಯಾಕೆ ಸುಮ್ನೆ ದಂಡ? ಬಿಡು ಅತ್ಲಾಗೆ," ಎಂದಳು ಪೆಗ್ಗಿ. "ಹೋದ್ರೆ ಒಂದು ತಟ್ಟೆ ಚಿಪ್ಸಿನ ದುಡ್ಡು ತಾನೇ? ನೀನು ಹೋಗ್ಬಾ. ನಂಗೂ ಆವತ್ತು ಕಿರಿಯವಳ ಮಗೂನ ನೋಡ್ಕೊಳ್ಳೋದಿತ್ತು."

ಪೆಗ್ಗಿಯ ಮುಖದಲ್ಲಿ ಬೇಸರ ಇರಲಿಲ್ಲ. ನಿರಾಳವಿತ್ತು. ಅದನ್ನು ಕಂಡ ಮೇಲೆ ನೋರೀನ್ ಒತ್ತಾಯ ಮಾಡಲಿಲ್ಲ.

ಆದರೂ ಹೊರಟಳು. ಹಟವೋ ಸಂಕಟವೋ, ಅವಳಿಗೇ ಗೊತ್ತಿರಲಿಲ್ಲ. ಮೂರು ಸ್ವೆಟರ್ ತೊಟ್ಟು, ಕಿಟಕಿಯ ಪಕ್ಕ ಕೂತು, ತನ್ನ ಕೋಟನ್ನು ಪೆಗ್ಗಿಯ ಸೀಟಿನ ಮೇಲಿಟ್ಟಳು. ವಿಮಾನ ತುಂಬಿತ್ತು. ಹಿಂದೆ ಎಲ್ಲೋ ಸೀಟು ಸಿಕ್ಕಿದ್ದ ಒಬ್ಬ ಹುಡುಗಿ ಬಂದು, ಆ ಸೀಟಿನ ಆಚೆ ಬದಿಯಲ್ಲಿ ಕೂತಿದ್ದ ತನ್ನ ಹುಡುಗನನ್ನು ತೋರಿಸಿ ಕೇಳಿದಳು: "ಆಂಟಿ, ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ," ಎಂದಳು ನೋರೀನ್. "ನನ್ ಫ್ರೆಂಡು."

ಬಾಗಿಲು ಮುಚ್ಚಿತು. ವಿಮಾನ ಹೊರಟಿತು. ಹಿಂದಿನಿಂದ ಆ ಹುಡುಗಿ ನೋಡುತ್ತಿರಬಹುದೆಂದು ಕತ್ತು ತಿರುಗಿಸದೆ ಕೂತಳು. ನಾಚಿಕೆಯಾಯಿತು, ಬಿಸಿ ಬಿಸಿ ನಾಚಿಕೆ. ಕೋಟು ಮಾತ್ರ ತೆಗೆಯಲಿಲ್ಲ. ದುಡ್ಡು ಕೊಟ್ಟು ಕೊಂಡ ಜಾಗ ಅದು, ಒಬ್ಬರು ಬರಬೇಕಿದ್ದ ಜಾಗ.

ರೀಗಾ ಚೆನ್ನಾಗಿಯೇ ಇತ್ತು. ನದಿ ಅಗಲವಿತ್ತು, ಬ್ರೆಡ್ಡು ಕಪ್ಪಗಿತ್ತು. "ನೋಡಿಲ್ಲಿ" ಎಂದು ಹೇಳಲು ಪಕ್ಕಕ್ಕೆ ತಿರುಗಿದಾಗಲೆಲ್ಲ ಯಾರೂ ಇರಲಿಲ್ಲ. ರಾತ್ರಿಯ ಊಟಕ್ಕೆ ಮಾಣಿ ಬಂದ, ಎದುರಿನ ಲೋಟ ಎತ್ತಿಕೊಂಡು ಹೋದ. ಅವಳು ಸೂಪು ಕುಡಿದಳು. ಎರಡು ಬಿಲ್ಲೆ ಕೊಂಡು ಬಂದಳು.

ಸೋಮವಾರ ಅಡುಗೆಮನೆಯಲ್ಲಿ ಪೆಗ್ಗಿ ಕಸ್ಟರ್ಡ್ ಕಲಕುತ್ತಿದ್ದಳು. "ಹೇಗಿತ್ತೇ?" ಎಂದಳು. ನೋರೀನ್ ಬಿಲ್ಲೆ ಅವಳ ಕೈಗಿಟ್ಟು, "ಚೆನ್ನಾಗಿತ್ತು ಕಣೇ, ಅಲ್ಲಿ ಸಂತೆ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಪೆಗ್ಗಿ ಬಿಲ್ಲೆಯನ್ನು ಏಪ್ರನ್ ಜೇಬಿಗಿಳಿಸಿ ಹೇಳಿದಳು: "ಈಸ್ಟರ್ ರಜೆಗೆ ಇನ್ನೊಂದು ನೋಡೇ. ಈ ಸಲ ಖಂಡಿತ ಬರ್ತೀನಿ. ಹೆಸರು ಸರಿಯಾಗಿ ಬರಿ ಮತ್ತೆ!"

ಆ ಬೆಳಿಗ್ಗೆಯೇ ನೋರೀನ್ ಪೋರ್ಚುಗಲ್ಲಿನ ಪೋರ್ಟೊಗೆ ಸೀಟು ನೋಡಿಟ್ಟಿದ್ದಳು. ಮೂವತ್ತು ಪೌಂಡಿಗೂ ಕಡಿಮೆ.

"ನೋಡಿದೀನಿ," ಎಂದಳು. "ತಲೆಗೆ ಮುನ್ನೂರು ಪೌಂಡು."

ಟಿಕೆಟ್ಟಿನ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

"ಮುನ್ನೂರಾ!" ಪೆಗ್ಗಿಯ ಸೌಟು ನಿಂತಿತು. "ಅಷ್ಟು ಸುರಿದ್ಮೇಲೆ ಹೋಗ್ದೇ ಇರಕ್ಕಾಗುತ್ತೇನೇ?"

"ಅದಕ್ಕೇ," ಎಂದಳು ನೋರೀನ್.

ಪೆಗ್ಗಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಸ್ಟರ್ಡ್ ಕಡೆಗೆ ತಿರುಗಿ, "ನೋಡೋಣ ಬಿಡು," ಎಂದಳು.