ನಾಲ್ಕು ಬೆರಳು ಹಿತ್ತಾಳೆ

ಮೊನ್ನೆ ಗದಗಿನ ಪೇಟೆಯಲ್ಲಿ ಕಪಾಟಿನ ಕೀಲಿಕೈ ಮಾಡಿಸಲು ನಿಂತಿದ್ದೆ. ಅಂಗಡಿಯವನು ಅರದಿಂದ ಹಿತ್ತಾಳೆ ತಿಕ್ಕುತ್ತಿದ್ದ. ಆ ಪುಡಿಯ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ಮುಚ್ಚಿ ಅಂಗಡಿಯ ಹಲಗೆಗೆ ಒರಗಿದೆ. “ಕುಂದರ್ರಿ ಅವ್ವಾರ, ನೀರು ಕೊಡ್ಲೇನ್ರಿ?” ಅಂದ ಪಾಪ. ನೀರು ಬೇಡವಾಗಿತ್ತು. ಅರವತ್ತು ವರ್ಷಕ್ಕೂ ಹಿಂದೆ ಗಜೇಂದ್ರಗಡದ ನಮ್ಮ ಹಿತ್ತಲಲ್ಲಿ ಇದೇ ವಾಸನೆ ಒಂದು ಇಡೀ ಸಂಜೆ ಕವಿದಿತ್ತು. ಮರುದಿನ ನಾನೊಂದು ಕೆಲಸ ಮಾಡಿದೆ, ಯಾರಿಗೂ ಹೇಳಲಿಲ್ಲ. ಇಂದು ಹೇಳಿಬಿಡುತ್ತೇನೆ, ಇನ್ನೆಷ್ಟು ದಿನ ಹೊತ್ತುಕೊಂಡು ತಿರುಗಲಿ?

ನಮ್ಮ ಮನೆ ಕೋಟೆಗುಡ್ಡದ ಏರಿನಲ್ಲಿತ್ತು. ಮುಂದಿನ ಓಣಿಯಲ್ಲಿ ದಿನವಿಡೀ ಮಗ್ಗಗಳ ಸಪ್ಪಳ. ಹಿತ್ತಲ ಕಟ್ಟೆಯ ಮೇಲೆ ನಿಂತರೆ ಕೆಳಗೆ, ಒಂದು ಫರ್ಲಾಂಗಿನಷ್ಟು ದೂರದಲ್ಲಿ ನಮ್ಮ ಹೊಲ, ಹೊಲದಲ್ಲೊಂದು ಒಂಟಿ ಕೋಣೆ. ಆ ಕೋಣೆಯಲ್ಲಿ ನಮ್ಮಕ್ಕ ಶಾಂತವ್ವ ಇದ್ದಳು. ಆಕೆಗೆ ಹದಿನೇಳು, ನನಗೆ ಎಂಟು. ಕ್ಷಯ ಎಂದು ಡಾಕ್ಟರು ಹೇಳಿದ ದಿನದಿಂದ ಅವ್ವ ಆಕೆಯನ್ನು ಕರೆದುಕೊಂಡು ಹೊಲದಲ್ಲೇ ಉಳಿದಿದ್ದಳು. ನಾನು ಮಾತ್ರ ಹೊಲದ ಬದು ದಾಟಕೂಡದೆಂದು ತಾಕೀತಾಗಿತ್ತು. ಅದಕ್ಕೇ ಅಕ್ಕನಿಗೂ ನನಗೂ ನಡುವೆ ಒಂದು ಕರಾರು ಹುಟ್ಟಿಕೊಂಡಿತ್ತು. ದಿನಾ ಸಂಜೆ ನಾನು ಕಟ್ಟೆಯ ಮೇಲೆ ನಿಂತು ಕೈ ಬೀಸುವುದು, ಆಕೆ ಬಾಗಿಲಲ್ಲಿ ಕೂತು ಕೈ ಬೀಸುವುದು. ನಾನು ಎಷ್ಟು ಸಲ ಬೀಸುತ್ತೇನೋ ಅಷ್ಟು ಸಲ ಆಕೆಯೂ ಬೀಸಲೇಬೇಕು. ನಾನು ಮಹಾ ತುಂಟಿ, ಆಕೆಗೆ ಕೈ ಸೋಲುವ ತನಕ ಬೀಸುತ್ತಿದ್ದೆ.

ಅಜ್ಜನ ಬಳಿ ಒಂದು ದುರ್ಬೀನು ಇತ್ತು. ಹರೆಯದಲ್ಲಿ ಮೋಜಣಿ ಇಲಾಖೆಯಲ್ಲಿ ಸರಪಳಿ ಹಿಡಿದು ರೋಣ, ನರಗುಂದದ ಹೊಲಗಳನ್ನೆಲ್ಲ ಅಳೆದವನು. ಹಳೆಯ ಸಾಮಾನು ವಿಲೇವಾರಿಯಾದಾಗ ಇದನ್ನು ತಂದಿಟ್ಟುಕೊಂಡಿದ್ದ. ಒಂದೂವರೆ ಮೊಳದ ಹಿತ್ತಾಳೆ ಕೊಳವೆ. ಅದರಲ್ಲಿ ನೋಡಿದರೆ ಎಲ್ಲ ತಲೆಕೆಳಗು. ಅಜ್ಜನಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ನೆಟ್ಟಗಿದ್ದ ಲೋಕವೇ ಆತನಿಗೆ ಸೊಟ್ಟ ಕಾಣುತ್ತಿತ್ತೋ ಏನೋ. ಮೊಣಕಾಲು ಹಿಡಿದು ಹೊಲಕ್ಕೆ ಇಳಿಯುವುದು ನಿಂತಮೇಲೆ ಹೊತ್ತು ಹೊತ್ತಿಗೆ ಕಟ್ಟೆಯ ಮೇಲೆ ಕೂತು ಮೊಮ್ಮಗಳನ್ನು ನೋಡುತ್ತಿದ್ದ. “ಇವತ್ತ ಎರಡ ರೊಟ್ಟಿ ತಿಂದಾಳ,” ಎಂದೋ “ತಲಿ ಬಾಚ್ಕೊಂಡಾಳ,” ಎಂದೋ ಒಳಗೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ಆ ವರದಿ ಕೇಳದೆ ನಾನು ಊಟಕ್ಕೆ ಕೂಡುತ್ತಿರಲಿಲ್ಲ.

ಫೋಟೋ ಬೇಕೆಂದವಳು ಅಕ್ಕನೇ. ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋದಂಗಡಿ ಇಟ್ಟಿದ್ದ ಕಾಕಾ, ಎಂದರೆ ಅಪ್ಪನ ತಮ್ಮ, ಹೊಲಕ್ಕೆ ಔಷಧ ಕೊಡಲು ಹೋದಾಗ ಕೇಳಿದಳಂತೆ: “ಕಾಕಾ, ನನ್ನದೊಂದ ಫೋಟೋ ತಗೀ. ನಾ ಹ್ಯಾಂಗಿದ್ನಿ ಅಂತ ಸಣ್ಣಾಕಿಗೆ ನೆನಪಿರಬೇಕಲ್ಲ.” ಅವ್ವ ಸುತಾರಾಂ ಒಪ್ಪಲಿಲ್ಲ. ಅಪ್ಪ ಅದೇ ಅಂಗಡಿಯಲ್ಲಿ ಒಮ್ಮೆ ಫೋಟೋ ತೆಗೆಸಿಕೊಂಡು ತಿಂಗಳು ತುಂಬುವುದರೊಳಗೆ ಜ್ವರ ಬಂದು ತೀರಿಕೊಂಡಿದ್ದ. “ಆ ಪೆಟ್ಟಿಗಿ ಆಯುಷ್ಯ ಹೀರತೈತಿ. ಅದನ್ನ ನನ್ನ ಮಗಳ ಮುಂದ ತರಬ್ಯಾಡ್ರಿ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಾಕಾ ಎರಡು ದಿನ ಯೋಚಿಸಿ, “ವೈನಿ, ನಿಮ್ಮಾಣಿ, ಮುಂದ ತರಂಗಿಲ್ಲ. ನಮ್ಮ ಹಿತ್ತಲದಾಗಿಂದನ ತಗೀತೀನಿ,” ಎಂದ. ಅಷ್ಟು ದೂರದಿಂದ ಯಾವ ಪೆಟ್ಟಿಗೆ ತಾನೆ ಏನು ಹೀರೀತು? ಅವ್ವನಿಗೂ ಒಳಗೊಳಗೆ ಆಸೆ ಇತ್ತೆಂದು ಕಾಣುತ್ತದೆ, ಹೂಂ ಅಂದಳು.

ಕಾಕಾ ತನ್ನ ಕ್ಯಾಮೆರಾದ ಲೆನ್ಸ್ ಬಿಚ್ಚಿ, ಆ ತೂತಿಗೆ ಕಣ್ಣಿಡುವ ಕಡೆಯ ಗಾಜು ಬಿಚ್ಚಿದ ದುರ್ಬೀನಿನ ಬಾಲ ಸೇರಿಸಿ, ಕಪ್ಪು ಬಟ್ಟೆ ಮುಸುಕಿಕೊಂಡು ನಿಂತ. ಹಿಂದಿನ ಮಸುಕು ಗಾಜಿನ ಮೇಲೆ ಬರೀ ಹಾಲು ಚೆಲ್ಲಿದಂಥ ಬೆಳಕು. ಕೊಳವೆ ಎಳೆದ, ದಬ್ಬಿದ. ಕ್ಯಾಮೆರಾದ ಮಡಿಕೆ ಮಡಿಕೆಯ ತೊಗಲ ತಿದಿಯನ್ನು ಪೂರ್ತಿ ಒಳಗೆ ಒತ್ತಿದ. ಊಹೂಂ. ಮೂರು ದಿನ ಹೀಗೇ ಒದ್ದಾಡಿದ. ಕೊನೆಗೆ ಮಿರ್ಚಿ ಕಟ್ಟಿಸಿಕೊಂಡು ಬಂದ ಎಣ್ಣೆಗಾಗದವನ್ನು ಬರೀ ಕೊಳವೆಯ ಹಿಂದೆ ಹಿಡಿದು ಹಿಂದೆ ಮುಂದೆ ಆಡಿಸಿದ. ಒಂದು ಕಡೆ ಥಟ್ಟನೆ ಹೊಲ ಮೂಡಿತು! ನಾನೂ ಮುಸುಕಿನೊಳಗೆ ತಲೆ ತೂರಿಸಿದೆ. ಎಣ್ಣೆಯ ಕಲೆಯ ನಡುವೆ ತಲೆಕೆಳಗಾದ ಕೋಣೆ, ಬಾಗಿಲು, ಜೋಳದ ಕಾಳಿನಷ್ಟು ಅಕ್ಕ. ಆಕೆ ಸೆರಗು ಸರಿಮಾಡಿಕೊಂಡಳು, ಕಾಗದದ ಮೇಲೆ! ನನಗೆ ಮೈ ಜುಂ ಅಂದಿತು. ಕಾಕಾ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತ. “ಚಿತ್ರ ಕೊಳವಿ ಬಾಯಿಂದ ನಾಕ ಬೆರಳ ಹೊರಗ ಬೀಳತೈತಿ. ನನ್ನ ಪೆಟ್ಟಿಗಿ ಎಂಟ ಬೆರಳ ದಪ್ಪ ಐತಿ. ಗಾಜು ಅಲ್ಲಿಗೆ ಮುಟ್ಟಂಗಿಲ್ಲಪ್ಪಾ. ಕೊಳವಿ ನಾಕ ಬೆರಳ ಕೊಯ್ಯಬೇಕು.”

ಅಜ್ಜ ಕೇಳಿದ್ದು ಒಂದೇ ಮಾತು. “ಕೊಯ್ದ್ರ ನನ್ನ ಕಣ್ಣಿಗೆ ಕಾಣತೈತೇನು?” ಕಾಕಾ ಮುಖ ತಗ್ಗಿಸಿ, “ಕೊಯ್ದ ತುಂಡು ತಿರುಗಿ ಬೆಸಿಗಿ ಹಾಕಿಸಿ ಕೊಡೂತನಕ ಕಾಣಂಗಿಲ್ಲ,” ಎಂದ. ಅಜ್ಜ ಅಂದು ಮಧ್ಯಾಹ್ನವಿಡೀ ದುರ್ಬೀನಿನಿಂದ ಕಣ್ಣು ಕೀಳಲಿಲ್ಲ. ಬಿಸಿಲು ಇಳಿದ ಮೇಲೆ ತಾನೇ ಗರಗಸ ತರಿಸಿದ, ಕೊಳವೆಯನ್ನು ಎರಡು ಪಾದಗಳ ನಡುವೆ ಅವುಚಿ ಹಿಡಿದು ತಾನೇ ಕೊಯ್ದ. “ನಾ ಕಂಡಿದ್ದು ನನ್ನ ಕೂಡ ಹೋಗತೈತಿ. ಫೋಟೋ ಆದ್ರ ಉಳೀತೈತಿ,” ಅಂದ. ಕೊಯ್ದ ಅಂಚನ್ನು ಅರದಿಂದ ತಿಕ್ಕುತ್ತಾ ಕೂತ. ಹಿತ್ತಲೆಲ್ಲ ಆ ವಾಸನೆ. ಅಂದು ವರದಿ ಇರಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ತೆಳ್ಳಗೆ ಮೋಡ ಕವಿದಿತ್ತು. ಗಾಜಿನ ಮೇಲೆ ಎಲ್ಲವೂ ಕೊರೆದಿಟ್ಟ ಹಾಗೆ ನಿಂತಿತು. ಕಾಕಾ ದುರ್ಬೀನಿನ ಬಾಯಿಗೆ ಡಬ್ಬಿಯ ಮುಚ್ಚಳ ಹಾಕಿದ. ಅದನ್ನು ತೆಗೆದು ಐದು ಎಣಿಸಿ ಮತ್ತೆ ಮುಚ್ಚಬೇಕು, ಅಷ್ಟು ಹೊತ್ತು ಅಕ್ಕ ಅಲುಗಾಡಬಾರದು. ನಾನು ಅಜ್ಜನ ಬಿಳಿ ಧೋತರ ಎತ್ತಿ ಹಿಡಿದರೆ ಕಲ್ಲಿನಂತೆ ಕೂಡಬೇಕು, ಇಳಿಸಿದರೆ ಮುಗಿಯಿತು ಎಂದು ಹೊಲಕ್ಕೆ ಹೇಳಿ ಕಳಿಸಿದ್ದರು. ಅವ್ವ ಕೋಣೆಯೊಳಗೆ ಸರಿದು ಕೂತಿದ್ದಳು. ನಾನು ಧೋತರ ಎತ್ತಿದೆ. ಕಾಕಾ ಮುಚ್ಚಳ ತೆಗೆದು “ಒಂದು” ಅಂದ. ಕೆಳಗೆ ಅಕ್ಕ ಕೂತೇ ಇದ್ದಳು. ಆಕೆ ಹಾಗೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೈ ಆಡದು, ಕತ್ತು ಆಡದು, ಉಸಿರೇ ಇಲ್ಲದವರ ಹಾಗೆ. “ಎರಡು” ಅಂದ. ಸತ್ತೇಹೋದಳೇನೋ! ಇದ್ದಾಳೋ ಇಲ್ಲವೋ ನೋಡಿಬಿಡಬೇಕೆನ್ನಿಸಿ ಧೋತರ ಒಂದೇ ಒಂದು ಸಲ ಬೀಸಿದೆ. ಕರಾರು ಮುರಿಯುವವಳೇ ನಮ್ಮಕ್ಕ? ಕೈ ಎತ್ತಿ ಬೀಸಿದಳು. ಕಾಕಾನ ಕಣ್ಣು ಮುಚ್ಚಳದ ಮೇಲಿತ್ತು, ಅಜ್ಜನಿಗೆ ದೂರದ್ದು ಕಾಣದು. ನೋಡಿದವಳು ನಾನೊಬ್ಬಳೇ. ಖುಷಿಯಾಯಿತು ನನಗೆ, ದೇವರಾಣೆಗೂ ಖುಷಿಯಾಯಿತು.

ಚಿತ್ರ ಹಿಡಿದ ಗಾಜನ್ನು ಔಷಧದಲ್ಲಿ ತೊಳೆದ ಮೇಲೆ, ಅಕ್ಕ ಅಲುಗಿದ್ದು ಕಾಕಾನಿಗೆ ಗೊತ್ತಾಯಿತು. ಮತ್ತೊಮ್ಮೆ ತೆಗೆಯೋಣವೆಂದು ಬಂದ. ಅಷ್ಟರಲ್ಲಿ ಅಕ್ಕನಿಗೆ ರಕ್ತ ಕಾರುವುದು ಶುರುವಾಗಿ ಬಾಗಿಲಿಗೆ ಬರುವುದು ನಿಂತಿತ್ತು. ಬೆಸುಗೆಯವನು ಕೊಣ್ಣೂರಿನ ಕಡೆ ಹೋದವನು ಬರಲೇ ಇಲ್ಲ. ಎಂಟು ದಿನ ಅಜ್ಜ ಬರಿಗಣ್ಣಿಗೆ ಕೈ ಅಡ್ಡ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. “ಬಾಗಲಾ ತಗದೈತೇನವಾ?” ಎಂದು ನನ್ನನ್ನು ಕೇಳುತ್ತಿದ್ದ. ಮುಚ್ಚಿಯೇ ಇರುತ್ತಿತ್ತು. ಒಂಬತ್ತನೆಯ ದಿನ ತೆರೆದಿತ್ತು, ಬಾಗಿಲ ಮುಂದೆ ಜನ ನಿಂತಿದ್ದರು, ನಾನು ಅಜ್ಜನನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ.

ಪೆಟ್ಟಿಗೆಯೇ ಮಗಳನ್ನು ನುಂಗಿತೆಂದು ಅವ್ವ ಕಾಕಾನ ಜೊತೆ ಮಾತು ಬಿಟ್ಟಳು. ಆತ ಹೊಸ್ತಿಲು ತುಳಿದದ್ದು ಆರು ತಿಂಗಳ ಮೇಲೆ, ಫೋಟೋ ಹಿಡಿದುಕೊಂಡು. ಅವ್ವ ಅದನ್ನು ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು. ಮುಖವಿರಬೇಕಾದಲ್ಲಿ ಬೀಸಿದ ಕೈಯ ಬಿಳಿ ಹೊಗೆ. ನಾನು ಗೋಡೆಗೆ ಅಂಟಿ ನಿಂತಿದ್ದೆ. ಅವ್ವ ನನ್ನನ್ನು ಹತ್ತಿರ ಎಳೆದುಕೊಂಡಳು. “ನೋಡ ಇಲ್ಲಿ, ಹೋಗಿಬರ್ತೀನಿ ಅಂತ ನಮಗೆಲ್ಲಾ ಕೈ ಮಾಡ್ಯಾಳ. ಯಾರೂ ಹೇಳಿದ್ದಿಲ್ಲ, ತನ್ನಷ್ಟಕ್ಕ ತಾನ ಮಾಡ್ಯಾಳ ನನ್ನ ಕೂಸು,” ಎಂದು ಅತ್ತಳು. ಆಮೇಲೆ ಎದ್ದು ಕಾಕಾನಿಗೆ ನೀರು ಕೊಟ್ಟಳು. “ಹೌದವ್ವಾ,” ಅಂದೆ ನಾನು. ಬೇರೆ ಏನು ಹೇಳಲಿ? ಸಾಯುವ ತನಕ ಅವ್ವ ಬಂದವರಿಗೆಲ್ಲ ಆ ಫೋಟೋ ತೋರಿಸಿ ಅದೇ ಮಾತು ಹೇಳಿದಳು, ಪ್ರತಿ ಸಲವೂ ನಾನು ಹೌದೆಂದೆ.

ಆ ಫೋಟೋ ಈಗ ನನ್ನ ಹತ್ತಿರ ಇದೆ. ಬಾಗಿಲ ಚೌಕಟ್ಟಿನ ಮೊಳೆಗಳನ್ನು ಬೇಕಾದರೆ ಎಣಿಸಬಹುದು, ಅಕ್ಕನ ಸೀರೆಯ ದಡಿಯ ಗೆರೆಗಳನ್ನು ಎಣಿಸಬಹುದು. ಕಳೆದ ವಾರ ಮೊಮ್ಮಗಳು ಅದನ್ನು ಹಿಡಿದುಕೊಂಡು ಬಂದು, “ಅಜ್ಜಿ, ನಿಮ್ಮಕ್ಕನ ಮೂಗು ನಿನ್ನಂಗ ಇತ್ತೇನು?” ಎಂದು ಕೇಳಿದಳು. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ನನಗೆ ಬೀಸುವ ಕೈಯೊಂದೇ ಕಂಡಿತು, ಮುಖ ಮೂಡಲಿಲ್ಲ.