ಸಾಗವಾನಿ ಗೂಟದ ಗೋಡೆ

ಶಹಾಬಾದಿನ ನನ್ನ ತವರುಮನೆಯ ಪಡಸಾಲೆಯಲ್ಲಿ ಗೋಡೆಗಳು ನಾಲ್ಕಿದ್ದರೂ ಲೆಕ್ಕಕ್ಕೆ ಇದ್ದದ್ದು ಒಂದೇ, ಬಾಗಿಲಿಗೆ ಎದುರಿನದು. ಕಲ್ಲಿನ ಗೋಡೆ, ಮೇಲೆ ಸುಣ್ಣ, ಆಚೆ ಈಚೆ ದೀಪ ಇಡುವ ಮಾಡ, ನಡುವೆ ಒಂದು ಸಾಗವಾನಿ ಗೂಟ. ನೆಲದ ಮೇಲೆ ಕೂತವರ ತಲೆಗಿಂತ ಒಂದು ಗೇಣು ಮೇಲಿತ್ತು ಆ ಗೂಟ. ದಿನವೂ ಅದಕ್ಕೆ ನಮ್ಮ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ರುಮಾಲು ತೂಗುತ್ತಿತ್ತು. ಆದರೆ ಅದನ್ನು ಹೊಡೆದದ್ದು ರುಮಾಲಿಗಲ್ಲ. ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ, ಆ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹೆಗಲ ಸುತ್ತ ಬಟ್ಟೆ ಕಟ್ಟಿ ಅದರ ತುದಿಯನ್ನು ಗೂಟಕ್ಕೆ ಬಿಗಿಯುತ್ತೇವೆ. ಭಜನೆ ಮುಗಿದು, ಹೆಣ ಹೊರುವ ವಿಮಾನ ಹೊರಡುವ ತನಕ ಸತ್ತವರು ಮನೆಯ ಯಜಮಾನಿಕೆ ಬಿಡದೆ ನೆಟ್ಟಗೆ ಕೂತಿರಬೇಕು.

ಮುತ್ಯಾನ ಕಾಲದಲ್ಲಿ ಆ ಪಡಸಾಲೆಯ ಸಾಮಾನೆಂದರೆ ಒಂದು ಜಮಖಾನ, ಎರಡು ಲೋಡು. ಅಷ್ಟೇ. ಕೆಳಗೆ ನಮ್ಮೂರಿನದೇ ಫರಸಿ ಕಲ್ಲು, ಬೇಸಿಗೆಯಲ್ಲಿ ಬೆನ್ನು ಹಚ್ಚಿದರೆ ಏಳಲು ಮನಸ್ಸಾಗದಷ್ಟು ತಂಪು. ಮಂದಿ ಬಂದರೆ ಜಮಖಾನ ಬಿಚ್ಚುವುದು, ಹೋದರೆ ಸುತ್ತಿಡುವುದು. ಮುತ್ಯಾ ಗೋಡೆಗೆ ತಲೆ ಆನಿಸಿ ಕೂತು ಕೂತು ಅಲ್ಲೊಂದು ಎಣ್ಣೆಯ ಕಲೆ ಬಿದ್ದಿತ್ತು. ಪ್ರತಿ ವರ್ಷ ಸುಣ್ಣ ಹೊಡೆದರೂ ಅದು ಮತ್ತೆ ಮೇಲೆ ಬರುತ್ತಿತ್ತು. ಸತ್ತಾಗಲೂ ಮುತ್ಯಾನನ್ನು ಆ ಕಲೆಗೇ ತಲೆ ಕೊಟ್ಟು ಕೂರಿಸಿದರು.

ಆಮೇಲೆ ನಮ್ಮ ಮನೆಗೆ ಬುದ್ಧಿ ಬಂತು.

ಮೊದಲು ಬುದ್ಧಿ ಬಂದದ್ದು ಅಪ್ಪನಿಗೆ. ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ಅಲ್ಲಿ ಹರಾಜಿಗೆ ಬಂದ ನಿಜಾಮರ ಕಾಲದ ಬೆತ್ತದ ಕುರ್ಚಿಗಳನ್ನು ಕೊಂಡು ಎತ್ತಿನ ಗಾಡಿಯಲ್ಲಿ ತರಿಸಿದ. ಅದರಲ್ಲೊಂದು ಆರಾಮಕುರ್ಚಿ. ಕೈಗಳು ಎಷ್ಟು ಉದ್ದವೆಂದರೆ ಸಾಹೇಬರು ಅದರ ಮೇಲೆ ಕಾಲು ಚಾಚಿ ಬೂಟು ಕಳಚಿಸಿಕೊಳ್ಳುತ್ತಿದ್ದರಂತೆ. ನಮ್ಮಪ್ಪನಿಗೆ ಬೂಟೂ ಇರಲಿಲ್ಲ, ಕಳಚುವವರೂ ಇರಲಿಲ್ಲ. ಕಾಲು ಇಳಿಬಿಟ್ಟು ಕೂತರೆ ಜೋಮು ಹಿಡಿಯುತ್ತದೆಂದು ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಮಂದಿ ಹೋದ ಮೇಲೆ ಕೆಳಗಿಳಿದು ಅದೇ ಗೋಡೆಗೆ ಒರಗಿ ಉಸ್ಸೆನ್ನುತ್ತಿದ್ದ. ಹಾಗಾಗಿ ಅವನ ತಲೆಯದೂ ಒಂದು ಎಣ್ಣೆಯ ಕಲೆ ಬಿತ್ತು. ಬೆತ್ತದ ಕುರ್ಚಿಗಳಲ್ಲಿ ತಿಗಣೆಗಳು ಮಾತ್ರ ಸಾಹೇಬರ ಹಾಗೆ ಬಾಳಿದವು.

ಮುಂದಿನ ಸರದಿ ತಮ್ಮನದು. ಅವನ ಮದುವೆಯಲ್ಲಿ ಕನ್ನಡಿ ಇರುವ ಉಕ್ಕಿನ ತಿಜೋರಿ ಬಂತು. ಬೀಗರು ಕೊಟ್ಟದ್ದು ಬಂದವರಿಗೆಲ್ಲ ಕಾಣಬೇಕಲ್ಲ, ಅದನ್ನು ಮಲಗುವ ಕೋಣೆಯಲ್ಲಿ ಇಡದೆ ಪಡಸಾಲೆಯಲ್ಲಿ ನಿಲ್ಲಿಸಿದರು. ಊರಿನ ಹೆಂಗಸರು ಅವ್ವನನ್ನು ಮಾತಾಡಿಸುತ್ತ ತಮ್ಮ ಸೆರಗು ನೋಡಿಕೊಳ್ಳುತ್ತಿದ್ದರು. ತಮ್ಮನ ಹೆಂಡತಿ ರಾವೂರದವಳು, ಕಲ್ಲುಗಣಿಯವರ ಮಗಳು. ವಾಡಿಯ ಸಂಬಂಧಿಕರ ಮನೆಯಲ್ಲಿ ಶೋಕೇಸು ನೋಡಿ ಬಂದಳು, ಅದೂ ಬಂತು. ಗೂಟದ ಗೋಡೆಯ ಉದ್ದಕ್ಕೂ ಗಾಜಿನ ಬಾಗಿಲು. ಒಳಗೆ ಪ್ಲಾಸ್ಟಿಕ್ ಹೂ, ತಲೆ ಅಲ್ಲಾಡಿಸುವ ಗೊಂಬೆ, ಯಾರಿಗೂ ಚಹಾ ಕೊಡದ ಕಪ್ಪುಬಸಿ, ಯಾರೂ ನೋಡದ ತಾಜಮಹಲು. ಚಹಾ ಮಾತ್ರ ಹಿಡಿಕೆ ಮುರಿದ ಕಪ್ಪಿನಲ್ಲಿ. ಎದುರಿಗೆ ರೆಕ್ಸಿನ್ ಸೋಫಾ, ಅದರ ಮೇಲೆ ಅಂಗಡಿಯವನು ಹೊದಿಸಿದ ಪ್ಲಾಸ್ಟಿಕ್ಕು ಹಾಗೇ. ಏಪ್ರಿಲ್ ತಿಂಗಳಲ್ಲಿ ಅದರ ಮೇಲೆ ಕೂತು ಎದ್ದವರಿಗೆ ತೊಡೆ ಕಿತ್ತು ಬಂದಂತೆ ಆಗುತ್ತಿತ್ತು. ಇಷ್ಟು ಹಿಂಸೆಗೆ ಮಂದಿ ಯಾಕೆ ಆಸೆಪಡುತ್ತಾರೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಅಪ್ಪ ತೀರಿಕೊಂಡ ದಿನ ಆ ಶೋಕೇಸಿನ ಯೋಗ್ಯತೆ ಗೊತ್ತಾಯಿತು. ಒಳಗೆ ಹೆಣ, ಹೊರಗೆ ಮಂದಿ. ನಡುವೆ ನಾವು ಗೊಂಬೆ ಇಳಿಸುತ್ತ, ತಾಜಮಹಲನ್ನು ಅಕ್ಕಿಯ ಡಬ್ಬಿಯ ಮೇಲಿಡುತ್ತ ನಿಂತಿದ್ದೆವು. ಶೋಕೇಸು ಸರಿಸಿ, ಧೂಳು ಹೊಡೆದು, ಕಡೆಗೂ ಅಪ್ಪನನ್ನು ಗೂಟಕ್ಕೆ ಕಟ್ಟಿ ಕೂರಿಸಿದರು. ಅವ್ವ ಅಳುತ್ತಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನನ್ನನ್ನೂ ತಮ್ಮನನ್ನೂ ಕರೆದಳು.

"ನನಗೂ ಇದಾ ಗ್ವಾಡಿ, ಇದಾ ಗೂಟ. ನಿಮ್ಮ ಮುತ್ಯಾ ಇಲ್ಲೇ ಕುಂತಾನ, ಅಪ್ಪ ಇಲ್ಲೇ ಕುಂತಾನ. ನನ್ನ ಬ್ಯಾರೆ ಕಡಿ ಕುಂದ್ರಸಿದ್ರ ನೋಡ್ರಿ ಮತ್ತ."

"ಹಂಗ್ಯಾಕ ಮಾತಾಡ್ತೀದಿ ಅವ್ವಾ? ಆಗಲಿ," ಎಂದ ತಮ್ಮ. ಅವ್ವ ಅಷ್ಟಕ್ಕೆ ಬಿಡಲಿಲ್ಲ. ಅವನ ಕೈ ಹಿಡಿದು ಗೂಟ ಮುಟ್ಟಿಸಿದಳು.

ನನ್ನ ಗಂಡನ ಮನೆ ಇರುವುದು ಸೇಡಂನಲ್ಲಿ. ಅಲ್ಲಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಮನೆ ಕಟ್ಟಿಸುವಾಗ ನಾನು ಇಂಥ ಹುಚ್ಚಾಟಕ್ಕೆ ಎಡೆ ಕೊಡಲಿಲ್ಲ. ಗಾಳಿ ಬರಲಿ, ಬೆಳಕು ಬರಲಿ ಎಂದು ಪಡಸಾಲೆಯ ಸುತ್ತ ಕಿಟಕಿ ಬಾಗಿಲು ಇಡಿಸಿದೆ. ಸೋಫಾ ಇಲ್ಲ, ಶೋಕೇಸು ಇಲ್ಲ. ಹಾಗಾಗಿ ತವರಿಗೆ ಹೋದಾಗಲೆಲ್ಲ ಅಲ್ಲಿ ಹೊಸದಾಗಿ ಬಂದದ್ದನ್ನು ಹೀಯಾಳಿಸುವ ಹಕ್ಕು ನನಗಿದೆ ಎಂದೇ ತಿಳಿದಿದ್ದೆ.

ಮೂರು ವರ್ಷದ ಹಿಂದೆ ತಮ್ಮ ಫೋನು ಮಾಡಿ ಇಂಟೀರಿಯರ್ ಮಾಡಿಸುತ್ತಿದ್ದೇನೆ ಎಂದ. ಹೋಗಿ ನೋಡಿದರೆ ಕಲಬುರಗಿಯಿಂದ ಬಂದ ಒಬ್ಬ ಪೋರ, ಗಡ್ಡ ಚೂಪಾಗಿ ಕತ್ತರಿಸಿಕೊಂಡವನು, ಪಡಸಾಲೆಯ ನಡುವೆ ನಿಂತು ಗೋಡೆಗಳಿಗೆ ಕೆಂಪು ಬೆಳಕಿನ ಅಳತೆಯ ಯಂತ್ರ ಹಿಡಿದಿದ್ದ. ಪೂರ್ವಜರು ಕಲ್ಲಿನ ಚಪ್ಪಡಿ ಹೊದಿಸಿದ್ದ ಮಾಳಿಗೆಯ ಕೆಳಗೆ ಪಿಒಪಿಯ ಸುಳ್ಳು ಮಾಳಿಗೆ. ಫರಸಿಯ ಮೇಲೆ ಹೊಳೆಯುವ ಟೈಲ್ಸು. ಅದರ ಮೇಲೆ ಅಚ್ಚು ಹಾಕಿದ್ದು ಏನು ಗೊತ್ತೇ? ಕಲ್ಲಿನ ಚಿತ್ತಾರ. ಶಹಾಬಾದಿನಲ್ಲಿ, ಲಾರಿಗಟ್ಟಲೆ ಕಲ್ಲು ಊರೂರಿಗೆ ಹೋಗುವ ಊರಿನಲ್ಲಿ, ಕಲ್ಲಿನ ಮೇಲೆ ಕಲ್ಲಿನ ಚಿತ್ರ ಅಂಟಿಸಿ ಅದಕ್ಕೆ ಚಂದ ಎನ್ನುವ ಜನ ನಾವು. ಮೊದಲ ದಿನವೇ ಅವ್ವ ಅದರ ಮೇಲೆ ಜಾರಿ ಬಿದ್ದಳು. ಮರುದಿನದಿಂದ ಗೋಡೆ ಹಿಡಿದೇ ಓಡಾಡಿದಳು.

"ಇದು ನಿಮ್ಮ ಹೈಲೈಟ್ ವಾಲ್ ರೀ ಮೇಡಮ್," ಎಂದ ಪೋರ, ಗೂಟದ ಗೋಡೆ ತೋರಿಸಿ. "ಇಲ್ಲಿ ಫುಲ್ ಪ್ಯಾನೆಲ್ ಬರ್ತದ. ನಡು ಟಿವಿ, ಸುತ್ತ ಎಲ್‌ಇಡಿ. ಈ ಕಟಗಿ ಕತ್ತರಿಸಿ ತಗೀತೀವಿ."

ಮೂಲೆಯಲ್ಲಿ ಕೂತಿದ್ದ ಅವ್ವ ಎದ್ದು ನಿಂತಳು. "ಗೂಟಕ್ಕ ಕೈ ಹಚ್ಚಬ್ಯಾಡ್ರಿ."

ಪೋರ ತಮ್ಮನ ಮುಖ ನೋಡಿದ. ತಮ್ಮ ನಕ್ಕ. "ಕತ್ತರಸಂಗಿಲ್ಲವ್ವಾ. ಗೂಟ ಹಂಗೇ ಇರ್ತದ, ಪ್ಯಾನೆಲ್ ಅದರ ಮ್ಯಾಲ ಬರ್ತದ. ಎಲ್ಲಿ ಹೋಗ್ತದ ಅದು?"

ಎಂಥ ಜಾಣ ಉತ್ತರ! ಅವ್ವನಿಗೆ ಕೊಟ್ಟ ಮಾತೂ ಉಳಿಯಿತು, ಪ್ಯಾನೆಲ್ಲೂ ಬಂತು. ಮಾಡಗಳನ್ನು ಮುಚ್ಚಿ, ಗೂಟವನ್ನು ಒಳಗೆ ಬಿಟ್ಟು, ಗೋಡೆಯ ಮುಂದೆ ಕಟ್ಟಿಗೆಯ ಚೌಕಟ್ಟು ಹೊಡೆದು ಪ್ಲೈವುಡ್ ಜಡಿದರು. ಮೇಲೆ ಅಮೃತಶಿಲೆಯ ಹಾಗೆ ಕಾಣುವ ಪ್ಲಾಸ್ಟಿಕ್ ಹಾಳೆ. ಬೆರಳಿನಿಂದ ಬಡಿದರೆ ಖಾಲಿ ಡಬ್ಬಿಯ ಸದ್ದು. ಸುತ್ತ ಹಚ್ಚಿದ ದೀಪದ ಪಟ್ಟಿ ಕೆಂಪು, ನೀಲಿ, ಹಸಿರು ಎಂದು ಬಣ್ಣ ಬದಲಿಸುತ್ತಿತ್ತು. ಕೆಲಸ ಮುಗಿದ ಮೇಲೆ ಮಾಡಿಸಿದ ಪೂಜೆಗೆ ಬಂದವರೆಲ್ಲ ಮೊದಲು ಅದರ ಫೋಟೋ ತೆಗೆದುಕೊಂಡರು, ಆಮೇಲೆ ಅವ್ವನಿಗೆ ಶರಣು ಎಂದರು. ತಮ್ಮನ ಹೆಂಡತಿ ಎಲ್ಲರಿಗೂ ರಿಮೋಟು ಒತ್ತಿ ತೋರಿಸುತ್ತಿದ್ದಳು. ನನಗೆ ಅವಳನ್ನು ಕಂಡರೆ ಮೈ ಉರಿಯುತ್ತಿತ್ತು.

ಅವ್ವ ಟಿವಿ ನೋಡುತ್ತಿರಲಿಲ್ಲ. ಕೆಲವು ಸಲ ಹೋಗಿ ಟಿವಿಯ ಕೆಳಗೆ ಪ್ಯಾನೆಲ್ಲಿಗೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. "ಐತಿಲ್ಲೋ ಒಳಗ?" ಎಂದು ಕೇಳುತ್ತಿದ್ದಳು. "ಐತವ್ವಾ," ಎನ್ನುತ್ತಿದ್ದ ತಮ್ಮ, ಫೋನಿನಿಂದ ತಲೆ ಎತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವ್ವ ಚಹಾ ಕುಡಿದು ಬಸಿ ಕೆಳಗಿಟ್ಟವಳು ಮತ್ತೆ ತಲೆ ಎತ್ತಲಿಲ್ಲ. ನಾನು ಸೇಡಂನಿಂದ ಹೋಗಿ ಮುಟ್ಟುವ ಹೊತ್ತಿಗೆ ಮೀಯಿಸಿ, ವಿಭೂತಿ ಹಚ್ಚಿ ಆಗಿತ್ತು. ಚಿಂಚೋಳಿಯಿಂದ ಸೋದರಮಾವನೂ ಬಂದಿದ್ದ. ಅವ್ವನನ್ನು ಕೈಮೇಲೆ ಎತ್ತಿಕೊಂಡು ಪಡಸಾಲೆಗೆ ತಂದರು. ತಂದವರು ಹಾಗೇ ನಿಂತರು.

"ಎಲ್ಲಿ ಕುಂದ್ರಸ್ತೀರಿ?" ಎಂದು ಕೇಳಿದರು ಅಯ್ಯನವರು, ಸಂಸ್ಕಾರ ಮಾಡಿಸಲು ಬಂದ ಹಿರಿಯರು.

ಎಲ್ಲರೂ ಸುತ್ತಲಿನ ಗೋಡೆ ನೋಡಿದರು. ಒಂದು ಗೋಡೆಗೆ ಪ್ಯಾನೆಲ್ಲು, ಒಂದಕ್ಕೆ ತಿಜೋರಿಯ ಬದಲು ಬಂದ ವಾರ್ಡ್‌ರೋಬು, ಒಂದಕ್ಕೆ ಮೀನಿನ ಗಾಜಿನ ಪೆಟ್ಟಿಗೆ, ಇನ್ನೊಂದು ಬಾಗಿಲಿನದು. ಇಷ್ಟೆಲ್ಲ ಅಳತೆ ಮಾಡಿದ ಆ ಪೋರ ಮನೆಯಲ್ಲೊಬ್ಬರು ಸತ್ತರೆ ಎಂದು ಅಳೆದಿರಲಿಲ್ಲ.

"ಸೋಫಾದ ಮ್ಯಾಲ ಕುಂದ್ರಸಮು," ಎಂದ ತಮ್ಮ. ಅವನ ದನಿ ಅವನಿಗೇ ಕೇಳಲಿಲ್ಲವೇನೋ, ಮತ್ತೊಮ್ಮೆ ಹೇಳಿದ.

ಕೂರಿಸಿದರು. ಹೊಸ ಸೋಫಾ, ಅಂಗಡಿಯವನು ಹೊಗಳಿ ಕೊಟ್ಟ ಮೆತ್ತನೆಯದು. ಅವ್ವ ಅದರಲ್ಲಿ ಇಳಿದುಹೋದಳು. ಮೊಣಕಾಲು ಮೇಲೆ ಬಂತು, ಕತ್ತು ಒಂದು ಕಡೆ ವಾಲಿತು. ಹಿಂದೆ ದಿಂಬು ತುರುಕಿದರೆ ಮುಂದೆ ಬಾಗಿದಳು. ಮಾವ ಹಿಂದಿನಿಂದ ಅವಳ ಹೆಗಲು ಹಿಡಿದು ನಿಂತ. ಬಂದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನೆಲ ನೋಡಿದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಮ್ಮನ ಕಡೆ ತಿರುಗಿ, "ನೋಡು, ನಿನ್ನ ಹೈಲೈಟ್ ನೋಡು," ಎಂದೆ. ಅವನು ಮುಖ ಮುಚ್ಚಿಕೊಂಡ.

ಆಗ ತಮ್ಮನ ಹೆಂಡತಿ ಒಳಗೆ ಹೋದಳು. ಹಿತ್ತಿಲಿನಿಂದ ಹಾರೆ ಹಿಡಿದು ಬಂದಳು, ಅವಳ ತವರಿನವರು ಗಣಿಯಲ್ಲಿ ಚಪ್ಪಡಿ ಎಬ್ಬಿಸುವಂಥ ಉದ್ದನೆಯ ಹಾರೆ.

"ಟಿವಿ ಇಳಸ್ರಿ," ಎಂದಳು. ಇಬ್ಬರು ಇಳಿಸಿದರು. "ಅಕ್ಕಾರ, ಹಿಂದ ಸರೀರಿ."

ಪ್ಯಾನೆಲ್ಲಿನ ಅಂಚಿಗೆ ಹಾರೆಯ ಮೂತಿ ಇಟ್ಟು ಮೈಭಾರ ಹಾಕಿ ಮೀಟಿದಳು. ಮೊದಲು ಪ್ಲಾಸ್ಟಿಕ್ ಹಾಳೆ ಸೀಳಿತು, ಆಮೇಲೆ ಮೊಳೆಗಳು ಒಂದೊಂದೇ ಕಿರುಚಿದವು. ಬೇರೆಯವರು ಕೈ ಹಾಕಲು ಬಂದರೆ ಬಿಡಲಿಲ್ಲ. ಅಳುತ್ತಿದ್ದಳು, ಮೀಟುತ್ತಿದ್ದಳು. ಪ್ಲೈವುಡ್ಡು ಕಿತ್ತು ಬಂದಾಗ ಗೆದ್ದಲಿನ ಮಣ್ಣು ಟೈಲ್ಸಿನ ಮೇಲೆ ಸುರಿಯಿತು. ಹಿಂದೆ ಗೋಡೆ ಇತ್ತು. ಮಾಡಗಳಿದ್ದವು. ಗೂಟವಿತ್ತು. ಅದರ ಕೆಳಗೆ ಮುತ್ಯಾನ ಕಲೆ, ಪಕ್ಕದಲ್ಲಿ ಅಪ್ಪನ ಕಲೆ.

ಅವ್ವನನ್ನು ಅಲ್ಲಿ ಕೂರಿಸಿದರು. ಹೆಗಲಿಗೆ ಬಟ್ಟೆ ಸುತ್ತಿ ಗೂಟಕ್ಕೆ ಬಿಗಿದಾಗ ಅವಳ ಬೆನ್ನು ನೆಟ್ಟಗಾಯಿತು, ಮುಖಕ್ಕೆ ಅವಳ ಹಳೆಯ ಗತ್ತು ಬಂತು. ಆದರೆ ಮೇಲೆ ಜೋತುಬಿದ್ದ ದೀಪದ ಪಟ್ಟಿ ಇನ್ನೂ ಉರಿಯುತ್ತಿತ್ತು. ಅವಳ ವಿಭೂತಿಯ ಹಣೆ ಕೆಂಪಾಯಿತು, ನೀಲಿಯಾಯಿತು, ಹಸಿರಾಯಿತು. ರಿಮೋಟು ಯಾರಿಗೂ ಸಿಗಲಿಲ್ಲ. ತಮ್ಮನ ಹೆಂಡತಿ ಪಟ್ಟಿಯನ್ನು ಕೈಯಿಂದಲೇ ಹಿಡಿದು ಕಿತ್ತು ಹೊರಗೆ ಎಸೆದಳು. ಆಮೇಲೆ ಭಜನೆ ಶುರುವಾಯಿತು.

ಆ ಗೋಡೆ ಇನ್ನು ಹಾಗೇ ಇರುತ್ತದೆ, ಈ ಮನೆಗೆ ಕಡೆಗೂ ನಾಚಿಕೆ ಬಂತು ಎಂದುಕೊಂಡು ನಾನು ಸೇಡಂಗೆ ಮರಳಿದೆ. ನಮ್ಮವರ ಬಗ್ಗೆ ನನಗಿನ್ನೂ ಆಸೆ ಇತ್ತೆಂದು ಕಾಣುತ್ತದೆ. ಮುಂದೆ ಯುಗಾದಿಗೆ ಹೋದರೆ ಅದೇ ಪ್ಯಾನೆಲ್ಲು, ಅದೇ ಟಿವಿ, ಹೊಸ ಪಟ್ಟಿ. ಈ ಸಲ ಪ್ಲಾಸ್ಟಿಕ್ ಹಾಳೆಯ ಮೇಲೆ ಚಿನ್ನದ ಗೆರೆ ಬೇರೆ. ನಾನು ಚಪ್ಪಲಿ ಬಿಡುವ ಮೊದಲೇ ಬಯ್ಯಲು ಶುರು ಮಾಡಿದೆ. ತಮ್ಮ ಕೇಳಿಸಿಕೊಂಡ. ಆಮೇಲೆ ಟಿವಿಯ ಪಕ್ಕಕ್ಕೆ ಕೈ ಹಾಕಿ ಎಳೆದ. ನಡುವಿನ ಭಾಗ ಟಿವಿ ಸಮೇತ ಬಾಗಿಲಿನ ಹಾಗೆ ತೆರೆದುಕೊಂಡಿತು.

"ಕೀಲು ಹಾಕ್ಸೀನಿ ಅಕ್ಕಾ. ಆ ಕಲಬುರಗಿ ಹುಡುಗಗ ಎಲ್ಲಾ ಹೇಳಿ ಮಾಡ್ಸೀನಿ. ಹಾರಿ ತರೋದು ಬ್ಯಾಡ ಇನ್ನ."

ಒಳಗೆ ಗೂಟ, ಎರಡು ಎಣ್ಣೆಯ ಕಲೆ, ಅವುಗಳ ನಡುವೆ ಅವ್ವನ ತಲೆ ಆನಿಸಿದ್ದ ಕಡೆ ಬೆಳ್ಳಗೆ ವಿಭೂತಿಯ ಗುರುತು. ತಮ್ಮ ಅದರ ಮುಂದೆ ಕೂತು, ಬೆನ್ನು ಕೊಟ್ಟು ತೋರಿಸಿದ. ಅವನ ತಲೆ ಸರಿಯಾಗಿ ಗೂಟದ ಕೆಳಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, "ಏಳ್ರಿ, ಅನಿಷ್ಟ," ಎಂದು ಗದರಿ ಒಳಗೆ ಹೋದಳು.

ಎಂಥ ಮಂದಿ! ಸಾವಿಗೂ ಇಂಟೀರಿಯರ್ ಮಾಡಿಸಿದರು ಎಂದು ನಗಬೇಕೆಂದುಕೊಂಡೆ. ಆದರೆ ಆ ಗೂಟದ ಕೆಳಗೆ ಅವನಿಗೆ ಜಾಗವಿದೆ, ಅವಳಿಗೂ ಇದೆ. ಕೊಟ್ಟ ಹೆಣ್ಣುಮಗಳು ನಾನು, ನನ್ನನ್ನು ಕೂರಿಸುವುದು ಸೇಡಂನಲ್ಲಿ. ಅಲ್ಲಿಯ ಪಡಸಾಲೆಯನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ಈ ಕಡೆ ಕಿಟಕಿ, ಆ ಕಡೆ ಕಿಟಕಿ, ಎದುರಿಗೆ ಬಾಗಿಲು, ಹಿಂದೆ ಇನ್ನೊಂದು ಕಿಟಕಿ. ಗಾಳಿ ಬೆಳಕಿಗೆ ಏನೂ ಕಡಿಮೆಯಿಲ್ಲ. ಒರಗಲು ಒಂದು ಗೋಡೆ ಮಾತ್ರ ಇಲ್ಲ.

ಊಟವಾದ ಮೇಲೆ, ತಮ್ಮನ ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಮೆಲ್ಲಗೆ ಅವನನ್ನು ಕರೆದೆ.

"ಆ ಗಡ್ಡದ ಹುಡುಗನ ಫೋನ್ ನಂಬರ್ ಅದ ಏನೋ ನಿನ್ನ ಬಲ್ಲಿ?"