ಸಾತೋ ಸಾನ್ ಹಂಚಿದ ಸಿಹಿ

ಬೆಂಗಳೂರಿನ ಕಾಲೇಜಿನಿಂದ ಜಪಾನಿನ ನಗೋಯಾದ ಈ ಆಫೀಸಿಗೆ ಇಂಟರ್ನ್ ಆಗಿ ಬಂದು ಎರಡು ವಾರ. ನನಗೆ ಕೆಲಸ ಕಲಿಸುವ ಸಾತೋ ಸಾನ್ ಮೂರು ದಿನದ ರಜೆ ಮುಗಿಸಿ ಇವತ್ತು ಬಂದರು. ಬಂದವರೇ ಪ್ರತಿ ಮೇಜಿನ ಮುಂದೆಯೂ ತಲೆಬಾಗಿ, ಹೂರಣ ತುಂಬಿದ ಒಂದೊಂದು ಸಿಹಿ ಕೊಟ್ಟರು. ನಮ್ಮಲ್ಲಿ ಆಫೀಸಿನಲ್ಲಿ ಸಿಹಿ ಹಂಚಿದರೆ ಮದುವೆಯೋ ಮಗುವೋ ತಾನೆ?

"ಕಂಗ್ರಾಟ್ಸ್ ಸಾತೋ ಸಾನ್! ಏನು ವಿಶೇಷ?" ಎಂದು ನಗುತ್ತ ಕೇಳಿ, ಸಿಹಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.

"ಅಮ್ಮ ತೀರಿಕೊಂಡರು," ಎಂದರು ಅವರು, ತಡವರಿಸುವ ಇಂಗ್ಲಿಷಿನಲ್ಲಿ. "ನಾನಿಲ್ಲದೆ ನಿಮಗೆಲ್ಲ ತೊಂದರೆಯಾಯಿತು. ಸುಮಿಮಾಸೆನ್, ಕ್ಷಮಿಸಿ. ಅದಕ್ಕೇ ಈ ಸಿಹಿ."

ಬಾಯಿ ತುಂಬ ಹೂರಣ. ಅವರು ಇನ್ನೊಮ್ಮೆ ತಲೆಬಾಗಿ, ಮುಂದಿನ ಮೇಜಿಗೆ ಹೋದರು.